ಪೀಪಾಯಿಯಲ್ಲಿ ಅಡಗಿದ್ದ ಕಳ್ಳ

ಮಕ್ಕಳೇ, ಬನ್ನಿ, ಒಂದು ಹಳೆಯ ಪತ್ತೇದಾರಿ ಕಥೆಯೊಳಗೆ ಹೋಗೋಣ. ಊರು ಅಮೆರಿಕದ ಫಿಲಡೆಲ್ಫಿಯ, ವರ್ಷ 1793. ಆಗ ಆ ದೇಶಕ್ಕೆ ಅದೇ ರಾಜಧಾನಿ. ಸುಮಾರು 50,000 ಜನ, ನದಿಯ ದಡದಲ್ಲಿ ಹಡಗುಕಟ್ಟೆ.

ಆಗಸ್ಟ್ ತಿಂಗಳಲ್ಲಿ ಜನ ಒಬ್ಬೊಬ್ಬರಾಗಿ ಜ್ವರ ಬಂದು ಮಲಗತೊಡಗಿದರು. ಕೆಲವರ ಕಣ್ಣು, ಮೈ ಹಳದಿಯಾದವು. ಅದಕ್ಕೇ ಇದು ಹಳದಿ ಜ್ವರ. ಚಳಿ ಬರುವಷ್ಟರಲ್ಲಿ ಸುಮಾರು 5,000 ಜನ ತೀರಿಕೊಂಡಿದ್ದರು. ಅಧ್ಯಕ್ಷ ವಾಷಿಂಗ್ಟನ್ ಅವರೂ ಸೇರಿ ಸಾವಿರಾರು ಮಂದಿ ಊರು ಬಿಟ್ಟರು. ರಿಚರ್ಡ್ ಅಲೆನ್, ಅಬ್ಸಲಮ್ ಜೋನ್ಸ್ ಎಂಬ ಕಪ್ಪು ಜನರ ಮುಖಂಡರು ಮಾತ್ರ ತಮ್ಮವರನ್ನು ಕಟ್ಟಿಕೊಂಡು ರೋಗಿಗಳ ಆರೈಕೆಗೆ ನಿಂತರು. ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾದವರು ಅವರೇ.

ಕಾರಣ ಯಾರಿಗೂ ಹೊಳೆಯಲಿಲ್ಲ. ಹಡಗುಕಟ್ಟೆಯಲ್ಲಿ ಕೊಳೆಯುತ್ತಿದ್ದ ಕಾಫಿ ಬೀಜದ ನಾತವೇ ಕಾರಣ ಎಂದರು ಹೆಸರಾಂತ ವೈದ್ಯ ಬೆಂಜಮಿನ್ ರಷ್. ಜನ ಮೂಗಿಗೆ ವಿನೆಗರ್ ಬಟ್ಟೆ ಹಿಡಿದರು, ಗಾಳಿ ಶುದ್ಧವಾಗಲೆಂದು ಬಂದೂಕು ಹಾರಿಸಿದರು. ನಗಬೇಡಿ. ನಾತ ಮೂಗಿಗೆ ಬಡಿಯುತ್ತಿತ್ತು, ನಿಜವಾದ ಕಳ್ಳ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೆ.

ಸ್ವಾರಸ್ಯ ಕೇಳಿ. ಅದೇ ಆಗಸ್ಟಿನಲ್ಲಿ ಅಲ್ಲಿನ ಪತ್ರಿಕೆಯಲ್ಲಿ ಒಂದು ಕಾಗದ ಅಚ್ಚಾಯಿತು: ಸೊಳ್ಳೆಕಾಟ ಹೆಚ್ಚಾಗಿದೆ, ಮಳೆನೀರು ಹಿಡಿಯುವ ಪೀಪಾಯಿಗೆ ಸ್ವಲ್ಪ ಎಣ್ಣೆ ಸುರಿಯಿರಿ ಎಂದು! ಕಳ್ಳನ ಮನೆಯ ಬಾಗಿಲಿಗೇ ಕೈಯಿಟ್ಟಿದ್ದರು ಪಾಪ, ಆದರೆ ಜ್ವರ ತರುವುದೂ ಅದೇ ಸೊಳ್ಳೆ ಎಂದು ಗೊತ್ತಾಗಲಿಲ್ಲ.

ಎಣ್ಣೆ ಏನು ಮಾಡುತ್ತದೆ? ಸೊಳ್ಳೆಯ ಮರಿಹುಳು ನೀರಿನಲ್ಲಿ ತಲೆಕೆಳಗಾಗಿ ನೇತಾಡುತ್ತದೆ. ಅದರ ಬಾಲದ ತುದಿಯಲ್ಲಿ, ಎಳನೀರಿಗೆ ಹಾಕುವ ಸ್ಟ್ರಾದಂಥ ಪುಟ್ಟ ಕೊಳವೆ. ಅದನ್ನು ನೀರಿನ ಮೇಲಕ್ಕೆ ಚಾಚಿ ಉಸಿರಾಡುತ್ತದೆ. ಮೇಲೆ ಎಣ್ಣೆಯ ಪದರ ಹರಡಿದರೆ ಕೊಳವೆ ಕಟ್ಟಿಕೊಳ್ಳುತ್ತದೆ.

ಇನ್ನು ಜ್ವರ ಹರಡಿದ್ದು ಹೇಗೆ? ಆ ಬೇಸಿಗೆಯಲ್ಲಿ ಕೆರಿಬಿಯನ್ ದ್ವೀಪಗಳಿಂದ ಹಡಗುಗಳು ಬಂದಿದ್ದವು, ಜ್ವರವೂ ಜೊತೆಯಲ್ಲೇ ಬಂತು. ರೋಗಿಯ ರಕ್ತ ಹೀರಿದ ಸೊಳ್ಳೆಯೊಳಗೆ ವೈರಸ್ ಕೆಲವು ದಿನ ಬೆಳೆಯುತ್ತದೆ. ಆಮೇಲೆ ಅದು ಕಚ್ಚಿದವರಿಗೆಲ್ಲ ದಾಟಬಹುದು. ಹಿಮ ಬಿದ್ದಾಗ ಸೊಳ್ಳೆಗಳು ಸತ್ತವು, ಜ್ವರವೂ ನಿಂತಿತು.

ಸೊಳ್ಳೆಯ ಮೇಲೆ ಅನುಮಾನಪಟ್ಟು 1881ರಲ್ಲಿ ಹಾಗೆಂದು ಹೇಳಿದವರು ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ. 1900ರಲ್ಲಿ ವಾಲ್ಟರ್ ರೀಡ್ ತಂಡ ಅದನ್ನು ಸಾಬೀತುಮಾಡಿತು.

ಕಾಲಿಗೆ ಬಿಳಿ ಪಟ್ಟೆಯಿರುವ ಆ ಈಡಿಸ್ ಸೊಳ್ಳೆ ನಮ್ಮಲ್ಲೂ ಇದೆ. ಇಲ್ಲಿ ಹಳದಿ ಜ್ವರವಿಲ್ಲ, ಅದು ಹರಡುವುದು ಡೆಂಗಿಯನ್ನು. ಹಿತ್ತಿಲಿನ ಡ್ರಮ್ಮನ್ನು ಮೆಲ್ಲಗೆ ತಟ್ಟಿ ನೋಡಿ. ಮರಿಹುಳುಗಳಿದ್ದರೆ ಕುಣಿಯುತ್ತ ತಳಕ್ಕಿಳಿಯುತ್ತವೆ. ನೋಡಿಯಾದ ಮೇಲೆ ದೊಡ್ಡವರನ್ನು ಕರೆದು ಆ ನೀರನ್ನು ಒಣನೆಲಕ್ಕೆ ಚೆಲ್ಲಿಸಿ.