ದುಡಿಮೆಯನ್ನು ಬೇಗ ಬಿಡುವ ಮಾತು
(ಮಂದ್ರೂಪದಲ್ಲಿ ಕಾರ್ಮಿಕರ ಕೂಟದ ಮುಂದೆ ಆಡಿದ ಮಾತುಗಳು)



ಈ ಸಲದ ಮಾತಿಗೆ ವಿಷಯ ಒದಗಿಸಿದವರು ನಮ್ಮ ಹುಡುಗರೇ. ಪುಣೆಯಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಭಾಗದ ತರುಣರು ಹಬ್ಬಕ್ಕೆ ಬಂದಾಗ ಒಂದು ಹೊಸ ಮಾತು ಆಡುತ್ತಾರೆ. ಇಪ್ಪತ್ತು ವರುಷ ಕೈ ಬಿಗಿಹಿಡಿದು ಕೂಡಿಹಾಕುವುದು. ನಲವತ್ತು-ನಲವತ್ತೈದಕ್ಕೆ ನೌಕರಿಗೆ ಶರಣು ಹೊಡೆದು, ಮುಂದೆ ಆ ಗಂಟಿನ ಮೇಲೆಯೇ ಬದುಕುವುದು. ಇದಕ್ಕೆ ಅವರು ‘ಫೈರ್’ ಅನ್ನುತ್ತಾರೆ. ಕೇಳಿದ ಹಿರಿಯರಲ್ಲಿ ಕೆಲವರು ನಕ್ಕರು, ಕೆಲವರು ಸಿಟ್ಟಾದರು. ಎರಡೂ ಬೇಡ, ಕೂತು ಲೆಕ್ಕ ಹಾಕೋಣ.

ಹಾಗೆ ನೋಡಿದರೆ ಈ ಆಸೆ ನಮಗೆ ಹೊಸದಲ್ಲ. ಸೊಲ್ಲಾಪುರದಲ್ಲಿ 1877ರಲ್ಲಿ ಮೊದಲ ಗಿರಣಿ ಎದ್ದಾಗಿನಿಂದ ನಮ್ಮ ಹಳ್ಳಿಗಳವರು ಅಲ್ಲಿಗೆ ಹೋದದ್ದು ಯಾತಕ್ಕೆ? ಹತ್ತು ವರುಷ ದುಡಿದು, ಸಾವಕಾರನ ಕೈಯಲ್ಲಿರುವ ಎರಡು ಎಕರೆ ಬಿಡಿಸಿಕೊಂಡು, ಒಂದು ಎಮ್ಮೆ ಕಟ್ಟಿ ಊರಲ್ಲೇ ಇದ್ದುಬಿಡಬೇಕು ಎಂದಲ್ಲವೇ? ಅದೂ ಇದೇ ಆಸೆ, ಹೆಸರು ಮಾತ್ರ ಇರಲಿಲ್ಲ.

ಇದರೊಳಗೆ ಎರಡು ಮಾತುಗಳು ಸೇರಿಕೊಂಡಿವೆ. ಯಾರ ಹಂಗಿಲ್ಲದೆ ಬದುಕುವಷ್ಟು ಹಣ ಇರಬೇಕು ಎಂಬುದು ಒಂದು. ದುಡಿಮೆಯನ್ನೇ ಬಿಡಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ನಾವು ಎರಡೂ ಕೈ ಎತ್ತುತ್ತೇವೆ. ಆರು ತಿಂಗಳ ಊಟಕ್ಕೆ ಕೂಡಿಟ್ಟವನು ಮುಕಾದಮನ ಎದುರು ನಿಂತು ‘ಇದು ಆಗದು’ ಎನ್ನಬಲ್ಲ. ನಾಳೆಯ ಹಿಟ್ಟಿಗೇ ಮುಂಗಡ ತಂದವನು ಏನನ್ನಾನು? 1982ರ ಜನವರಿಯಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರು ಸುಮಾರು ಎರಡೂವರೆ ಲಕ್ಷ ಮಂದಿ ಮುಷ್ಕರ ಹೂಡಿದರು. ವರುಷ ದಾಟಿತು. ಊರಲ್ಲಿ ತುಂಡು ಹೊಲ ಇದ್ದವರು ಊರಿಗೆ ಬಂದು ಕಾಳು-ಕಡಿ ಉಂಡು ದಿನ ನೂಕಿದರು. ಏನೂ ಇಲ್ಲದವರು ತಾಟು-ತಂಬಿಗೆ ಮಾರಿದರು. ಆದ್ದರಿಂದ ಉಳಿತಾಯವೆಂದರೆ ಬರೇ ಜಿಪುಣತನ ಎಂದು ಸಂಘದವರು ಯಾರೂ ಹೇಳಬಾರದು.

ಇನ್ನು ಎರಡನೆಯದು. ಹುಡುಗರ ಲೆಕ್ಕ ಇಷ್ಟು: ಮನೆಯ ಒಂದು ವರುಷದ ಖರ್ಚಿನ ಇಪ್ಪತ್ತೈದು ಪಟ್ಟು ಕೂಡಿಸು, ವರುಷಕ್ಕೆ ನೂರಕ್ಕೆ ನಾಲ್ಕರಷ್ಟು ತೆಗೆದು ತಿನ್ನು. ಇದು 1994ರಲ್ಲಿ ವಿಲಿಯಂ ಬೆಂಗೆನ್ ಎಂಬ ಅಮೆರಿಕದ ಹಣಕಾಸು ಸಲಹೆಗಾರ ಬರೆದದ್ದರಿಂದ ಬಂದ ಲೆಕ್ಕ. ಅವನು ನೋಡಿದ್ದು ಅವನ ದೇಶದ ಶೇರು ಮತ್ತು ಸಾಲಪತ್ರಗಳನ್ನು, ಅದೂ ಮೂವತ್ತು ವರುಷದ ಮುಪ್ಪಿಗೆ. ನಲವತ್ತಕ್ಕೆ ಕೆಲಸ ಬಿಟ್ಟವನು ಎಂಬತ್ತೈದರ ತನಕ ಬದುಕಿದರೆ ನಲವತ್ತೈದು ವರುಷ ಆಯಿತು. ವರುಷಕ್ಕೆ ಶೇಕಡಾ 6ರಂತೆ ಬೆಲೆ ಏರಿದರೆ ಹನ್ನೆರಡು ವರುಷಕ್ಕೆ ಎಲ್ಲವೂ ಎರಡು ಪಟ್ಟು. ಅಂದರೆ ಅವನ ಕಾಲದಲ್ಲಿ ಜೋಳದ ಬೆಲೆ ಮೂರು ಸಲ ದುಪ್ಪಟ್ಟಾದೀತು.

ನಮ್ಮವರ ಲೆಕ್ಕ ನೋಡಿರಿ. ತಿಂಗಳಿಗೆ 20,000 ಖರ್ಚಿನ ಮನೆಗೆ ವರುಷಕ್ಕೆ 2 ಲಕ್ಷ 40 ಸಾವಿರ. ಇಪ್ಪತ್ತೈದು ಪಟ್ಟು ಎಂದರೆ 60 ಲಕ್ಷ. ಯಂತ್ರಮಗ್ಗದಲ್ಲಿ ಚಾದರ ನೇಯುವವನು ಹೊಟ್ಟೆ ಕಟ್ಟಿ ತಿಂಗಳಿಗೆ 5,000 ಇಟ್ಟರೂ, ಬಡ್ಡಿ ಬಿಟ್ಟು ಎಣಿಸಿದರೆ ನೂರು ವರುಷ ಬೇಕು. ಬಡ್ಡಿ ಸೇರಿಸಿದರೆ ಕಡಿಮೆಯಾದೀತು, ನಿಜ. ಆದರೆ ಬೆಲೆ ಏರಿಕೆ ಆ ಬಡ್ಡಿಯನ್ನು ಹಿಂದಿನಿಂದ ತಿನ್ನುತ್ತದೆ. ಪುಣೆಯ ಪಗಾರಕ್ಕೆ ಹೊಂದುವ ಅಂಗಿ ನಮ್ಮ ಮೈಗೆ ಹೊಂದದು.

ನಮ್ಮಲ್ಲಿ ಬೇಗ ನಿವೃತ್ತಿ ಎಂಬುದು ಬಹುಮಟ್ಟಿಗೆ ಬೇಡಿ ಪಡೆದದ್ದಲ್ಲ, ಮೇಲೆ ಬಿದ್ದದ್ದು. ಸೊಲ್ಲಾಪುರದ ದೊಡ್ಡ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ನಲವತ್ತೈದರವನು ಒಂದೇ ದಿನದಲ್ಲಿ ನಿವೃತ್ತನಾದ. ಮರುದಿನದಿಂದ ರಿಕ್ಷಾ, ಹಮಾಲಿ, ಕಾವಲುಗಾರಿಕೆ. ‘ಸ್ವಇಚ್ಛೆಯ ನಿವೃತ್ತಿ’ ಎಂಬ ಹೆಸರಿನಲ್ಲಿ ಬರುವುದನ್ನೂ ಸ್ವಲ್ಪ ಪರಾಂಬರಿಸಿ ನೋಡಬೇಕು. ಬಿ.ಎಸ್.ಎನ್.ಎಲ್. 2019ರಲ್ಲಿ ಇಂಥ ಯೋಜನೆ ತಂದಾಗ ಐವತ್ತು ದಾಟಿದವರಲ್ಲಿ 78 ಸಾವಿರಕ್ಕೂ ಹೆಚ್ಚು ಜನ ಅರ್ಜಿ ಹಾಕಿ, 2020ರ ಜನವರಿ ಕೊನೆಗೆ ಹೊರಬಂದರು. ಸಂಬಳ ತಡವಾಗುತ್ತಿದ್ದ ಕಾಲದಲ್ಲಿ ಎಷ್ಟು ಮಂದಿಗೆ ಅದು ಸ್ವಇಚ್ಛೆ, ಎಷ್ಟು ಮಂದಿಗೆ ಹೆದರಿಕೆ, ಅವರವರಿಗೇ ಗೊತ್ತು.

ಫಂಡಿನ ಪೆನ್ಶನ್ ವಿಷಯ ಗಮನವಿಟ್ಟು ಕೇಳಿರಿ. 1995ರ ಪೆನ್ಶನ್ ಯೋಜನೆಯಲ್ಲಿ ಹತ್ತು ವರುಷ ಸೇವೆ ಆದವರಿಗೆ 58ಕ್ಕೆ ಪೂರ್ಣ ಪೆನ್ಶನ್. 50 ದಾಟಿದ ಮೇಲೆ ಬೇಗ ಬೇಕೆಂದರೂ ಕೊಡುತ್ತಾರೆ. ಆದರೆ ಬೇಗ ತೆಗೆದುಕೊಂಡ ಒಂದೊಂದು ವರುಷಕ್ಕೂ ಶೇಕಡಾ 4 ಕಡಿತ. 50ಕ್ಕೇ ತೆಗೆದರೆ ಕಾಲು ಭಾಗಕ್ಕಿಂತ ಹೆಚ್ಚು ಹೋಯಿತು, ಅದೂ ಜೀವಮಾನ ಪೂರ್ತಿ. ಪೆನ್ಶನ್ ಎಷ್ಟೆಂದರೆ, ಪಗಾರವನ್ನು ಸೇವೆಯ ವರುಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 2014ರಲ್ಲಿ ಇಟ್ಟ 15,000ದ ಮಿತಿಯಲ್ಲಿ ಹದಿನೈದು ವರುಷ ದುಡಿದವನಿಗೆ 3,200ರಷ್ಟು ಆದೀತು. ಅದರಲ್ಲಿ ಕಾಲು ಭಾಗ ಕಳೆದರೆ ಸಂತೆ ಎಷ್ಟಾಗುತ್ತದೆ, ನಮ್ಮ ಅಕ್ಕಂದಿರೇ ಹೇಳಲಿ.

ಕೈಗೆ ಒಟ್ಟಿಗೆ ಹಣ ಬಂದಾಗ ಬರುವ ನೆಂಟರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಒಂದು ಮಾತು ಮಾತ್ರ. ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕಿನಲ್ಲಿ ಕೂಡ, ಒಬ್ಬರ ಠೇವಣಿಗೆ 5 ಲಕ್ಷದ ತನಕ ವಿಮೆ ಇದೆ, 2020ರಿಂದ ಅಷ್ಟಾಗಿದೆ. ಪತಸಂಸ್ಥೆಗೆ ಆ ವಿಮೆ ಇಲ್ಲ. ಬೋರ್ಡು ಎಷ್ಟೇ ದೊಡ್ಡದಿರಲಿ, ಬಡ್ಡಿ ಒಂದು ರೂಪಾಯಿ ಹೆಚ್ಚಿರಲಿ, ಇಲ್ಲ. ಭಿಶಿಗಂತೂ ಕೇಳಲೇಬೇಡಿ. ಕೆಲಸ ಬಿಟ್ಟರೆ ಇ.ಎಸ್.ಐ. ದವಾಖಾನೆಯೂ ಹೋಯಿತೆಂದು ಹಲವರು ಸುಮ್ಮನಾಗುತ್ತಾರೆ. ಐದು ವರುಷ ಅದರಲ್ಲಿದ್ದು ವಯಸ್ಸಾಗಿಯೋ ಸ್ವಇಚ್ಛೆಯ ಯೋಜನೆಯಲ್ಲೋ ನಿವೃತ್ತರಾದವರು ವರುಷಕ್ಕೆ 120 ರೂಪಾಯಿ ಕಟ್ಟಿ ಗಂಡ-ಹೆಂಡತಿ ಇಬ್ಬರೂ ಚಿಕಿತ್ಸೆ ಪಡೆಯುವ ನಿಯಮವೊಂದಿದೆ. ಬಿಡುವ ಮುಂಚೆಯೇ ಅದನ್ನು ವಿಚಾರಿಸಬೇಕು.

ಈಗ ಯಾರೂ ಎತ್ತದ ಪ್ರಶ್ನೆ. ಗಂಡಸು ಬೇಗ ನಿವೃತ್ತನಾದರೆ ಹೆಂಗಸು ಎಂದು ನಿವೃತ್ತಳಾಗುತ್ತಾಳೆ? ಸೊಲ್ಲಾಪುರದಲ್ಲಿ ಗಿರಣಿ ಮುಚ್ಚಿದ ಎಷ್ಟೋ ಮನೆಗಳ ಒಲೆ ಉರಿದದ್ದು ಬೀಡಿಯಿಂದ. ಮೊರದಲ್ಲಿ ಎಲೆ-ತಂಬಾಕು ಹಾಕಿಕೊಂಡು ಆ ತಾಯಂದಿರು ಸಾವಿರದ ಲೆಕ್ಕದಲ್ಲಿ ಬೀಡಿ ಕಟ್ಟುತ್ತಾರೆ. ಬೆರಳು ನಿಂತ ದಿನವೇ ಅವರ ನಿವೃತ್ತಿ. ಮನೆಯಲ್ಲಿ ಕೂತು ಕಟ್ಟುವವರು ಕಾರ್ಮಿಕರೇ ಅಲ್ಲ ಎಂದು ಮಾಲೀಕರು ವಾದಿಸಿದ್ದರು. ಬೀಡಿ ಉದ್ದಿಮೆಗೆ 1977ರಲ್ಲಿ ಫಂಡು ಬಂತು. ಮನೆಯಲ್ಲಿ ಕಟ್ಟುವವರಿಗೂ ಅದು ಸಲ್ಲುತ್ತದೆಂದು ಸುಪ್ರೀಂ ಕೋರ್ಟು 1985ರಲ್ಲಿ ಹೇಳಿತು. ಸ್ವಾತಂತ್ರ್ಯ ಎಂಬ ಮಾತಿಗೆ ನಮಗೆ ಗೊತ್ತಿರುವ ಅರ್ಥ ಇದು: ಒಬ್ಬೊಬ್ಬರ ಗಂಟಿನಿಂದ ಆಗದ್ದು ಎಲ್ಲರ ಹಕ್ಕಿನಿಂದ ಆಯಿತು.

ಹುಡುಗರಿಗೆ ಇನ್ನೂ ಒಂದು ಕೇಳುವುದಿದೆ. ಗಂಟಿನಿಂದ ಬರುವ ಆದಾಯ ಆಕಾಶದಿಂದ ಉದುರುವುದಿಲ್ಲ. ಯಾವುದೋ ಕಾರಖಾನೆಯಲ್ಲಿ ಯಾರೋ ಪಾಳಿ ಮುಗಿಸಿದ್ದರಿಂದ ಅದು ಬಂತು. ಮುದುಕರಿಗೆ, ರೋಗಿಗಳಿಗೆ ಅದು ಸಲ್ಲಬೇಕಾದದ್ದೇ. ಗಟ್ಟಿಮುಟ್ಟಾದ ನಲವತ್ತರವನಿಗೆ ಎಷ್ಟು ಸಲ್ಲುತ್ತದೆ ಎಂದು ಅವನೇ ತನ್ನನ್ನು ಕೇಳಿಕೊಳ್ಳಲಿ. ಕಣಜ ಕೆಡವಿ ದೊಡ್ಡ ಕಣಜ ಕಟ್ಟಿಸಲು ಹೊರಟ ಸಿರಿವಂತ ರೈತನ ಸಾಮತಿ ನಿಮಗೆಲ್ಲ ತಿಳಿದಿದೆ. ಅವನಿಗೆ ಬೆಳೆ ಬಂದದ್ದು ತಪ್ಪಲ್ಲ, ಕೂಡಿಟ್ಟದ್ದೂ ತಪ್ಪಲ್ಲ. ಯೋಸೇಫನೂ ಏಳು ವರುಷ ಧಾನ್ಯ ಕೂಡಿಟ್ಟ. ಆದರೆ ಆ ರೈತನ ಮಾತಿನಲ್ಲಿ ನೆರೆಯವರು ಒಬ್ಬರೂ ಇಲ್ಲ, ಆಳುಮಕ್ಕಳೂ ಇಲ್ಲ.

ಬೇಗ ನಿವೃತ್ತಿ ನಮ್ಮ ಗ್ರಂಥಕ್ಕೆ ಒಗ್ಗದ್ದೇನೂ ಅಲ್ಲ. ಅರಣ್ಯಕಾಂಡದ ಎಂಟನೆಯ ಅಧ್ಯಾಯ ತೆಗೆದು ನೋಡಿರಿ. ಲೇವಿಯರು ಐವತ್ತಕ್ಕೆ ಭಾರದ ಕೆಲಸದಿಂದ ಬಿಡುಗಡೆ ಹೊಂದುತ್ತಿದ್ದರು, ಆಮೇಲೆ ಕಿರಿಯ ಸಹೋದರರಿಗೆ ನೆರವಾಗುತ್ತಿದ್ದರು. ಈ ಏರ್ಪಾಡು ನಮಗೆ ಬಹಳ ಹಿಡಿಸುತ್ತದೆ. ಐವತ್ತಕ್ಕೆ ಬೆನ್ನು ಬಾಗಿದ ಹಮಾಲನನ್ನು 58ರ ತನಕ ಚೀಲ ಹೊರಿಸುವುದು ಯಾವ ನ್ಯಾಯ? ಅಂಥವನಿಗೆ ಬೇಗ ಪೆನ್ಶನ್ ಬೇಕು, ಕಡಿತವಿಲ್ಲದೆ ಬೇಕು. ಪುಣೆಯ ಹುಡುಗನಿಗೆ ಬೇಗ ಬಿಡುವು ಸಿಕ್ಕರೆ ಸಂತೋಷವೇ. ವಾರಕ್ಕೆರಡು ದಿನ ಇಲ್ಲಿ ಕೂತು ಅರ್ಜಿ ತುಂಬಿಕೊಡಲಿ.

ಅರ್ಜಿಯ ಮಾತು ಬಂತು. ನಮ್ಮ ಕನ್ನಡದ ಹೆಸರುಗಳು ಮರಾಠಿ ಕಾಗದದಲ್ಲಿ ಒಂದು ಬಗೆ, ಆಧಾರದಲ್ಲಿ ಇನ್ನೊಂದು ಬಗೆ ಇರುತ್ತವೆ. ಹೆಸರು, ಹುಟ್ಟಿದ ತಾರೀಖು ಹೊಂದದೆ ಫಂಡಿನ ಅರ್ಜಿ ತಿರುಗಿ ಬರುತ್ತದೆ. ಮುಂದಿನ ಕೂಟಕ್ಕೆ ಪ್ರತಿಯೊಬ್ಬರೂ ಫಂಡಿನ ನಂಬರು, ಆಧಾರ, ಬ್ಯಾಂಕಿನ ಪಾಸ್‌ಬುಕ್ಕು ತರಬೇಕು. ನಿಮ್ಮ ನಂತರ ಹಣ ಯಾರಿಗೆ ಎಂದು ಬರೆಸಿದ್ದೀರೋ ಇಲ್ಲವೋ, ಅದನ್ನೂ ನೋಡೋಣ. ಬೀಡಿ ಕಟ್ಟುವ ಅಕ್ಕಂದಿರು ಮೊದಲು ಬರಲಿ, ಗಂಡಸರು ಆಮೇಲೆ.