ಹೊಲಕ್ಕಾಗಿ ಕಟ್ಟಿದ ವಿಮಾನ



ಮದ್ದೂರಿನಿಂದ ಮಂಡ್ಯಕ್ಕೆ ಹೋಗುವ ದಾರಿಯಲ್ಲಿ, ಹಾಲಿನ ಡೇರಿಯಿಂದ ಹೆಸರಾದ ಗೆಜ್ಜಲಗೆರೆ ಸಿಗುತ್ತದೆ. ಈ ಸೀಮೆಯಲ್ಲಿ ಕಬ್ಬು, ಭತ್ತಗಳದೇ ಮೇಲುಗೈ. ಆಳೆತ್ತರ ಮೀರಿದ ಕಬ್ಬಿನೊಳಗೆ ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆಯುವ ಕಷ್ಟ ರೈತರ ಮಕ್ಕಳಾದ ನಿಮಗೆ ಗೊತ್ತೇ ಇದೆ. ಮೇಲಿನಿಂದಲೇ ಹೊಡೆದರಾಗದೇ?

ಈ ಪ್ರಶ್ನೆಗೆ ನಮ್ಮ ಬೆಂಗಳೂರಿನಲ್ಲೇ ಒಂದು ಉತ್ತರ ಸಿದ್ಧವಾಗಿತ್ತು. ಮೈಸೂರು ಸರ್ಕಾರದ ನೆರವಿನಿಂದ ವಾಲ್‌ಚಂದ್ ಹೀರಾಚಂದರು 1940ರಲ್ಲಿ ಆರಂಭಿಸಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯು ಮುಂದೆ ಬೇಸಾಯಕ್ಕೆಂದೇ ಒಂದು ವಿಮಾನವನ್ನು ರೂಪಿಸಿತು. 1969ರಲ್ಲಿ ಹಾರಿದ ಮೊದಲ ಮಾದರಿ ತೃಪ್ತಿಕರವಾಗಿರಲಿಲ್ಲ. ವಿನ್ಯಾಸವನ್ನೆಲ್ಲ ಬದಲಿಸಿ, 400 ಅಶ್ವಶಕ್ತಿಯ ಎಂಜಿನ್ ಕೂರಿಸಿದ ಹೊಸ ವಿಮಾನ 1972ರ ಮಾರ್ಚ್ 30ರಂದು ಹಾರಿತು. ಅದರ ಹೆಸರು 'ಬಸಂತ್', ಎಂದರೆ ವಸಂತ. 1980ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ 39 ವಿಮಾನಗಳು ಸಿದ್ಧವಾಗಿದ್ದವು.

ಬನ್ನಿ, ಇಂಥ ವಿಮಾನಗಳನ್ನು ಕಟ್ಟುವ ಕಾರ್ಖಾನೆಯೊಂದನ್ನು ಮನಸ್ಸಿನಲ್ಲೇ ಸುತ್ತಿ ಬರೋಣ. ಮೊದಲು ಕಾಣುವುದು ಉಕ್ಕಿನ ಗಟ್ಟಿ ಚೌಕಟ್ಟು. ಸಾಮಾನ್ಯವಾಗಿ ಮುಂದೆ ಎಂಜಿನ್, ಅದರ ಹಿಂದೆ ಔಷಧಿಯ ತೊಟ್ಟಿ, ಆಮೇಲೆ ಪೈಲಟ್‌ನ ಆಸನ. ವಿಮಾನ ಬಿದ್ದರೆ ತುಂಬಿದ ತೊಟ್ಟಿ ಹಿಂದಿನಿಂದ ಬಂದು ಪೈಲಟ್‌ನನ್ನು ಜಜ್ಜಬಾರದಲ್ಲ! ತೊಟ್ಟಿಯು ವಿಮಾನದ ಗುರುತ್ವಕೇಂದ್ರದ ಬಳಿಯೇ ಇರಬೇಕು. ಇಲ್ಲವಾದರೆ ಅದು ಬರಿದಾಗುತ್ತ ಬಂದಂತೆ ವಿಮಾನದ ಸಮತೋಲ ಕೆಡುತ್ತದೆ. ಅಪಾಯದ ಗಳಿಗೆಯಲ್ಲಿ ಔಷಧಿಯನ್ನೆಲ್ಲ ಒಮ್ಮೆಗೇ ಸುರಿದುಬಿಡಲು ತೊಟ್ಟಿಯ ತಳದಲ್ಲಿ ಬಾಗಿಲುಂಟು. ಪೈಲಟ್‌ನ ಆಸನ ಎತ್ತರದಲ್ಲಿರುತ್ತದೆ. ಬೆಳೆಯ ಮೇಲೆ ಕೆಲವೇ ಮೀಟರು ಎತ್ತರದಲ್ಲಿ ಹಾರುವವನಿಗೆ ಮರ, ವಿದ್ಯುತ್ ತಂತಿ ಚೆನ್ನಾಗಿ ಕಾಣಬೇಕು. ರೆಕ್ಕೆಯ ಕೆಳಗೆ ಉದ್ದನೆಯ ಕೊಳವೆ, ಅದರ ತುಂಬ ಸಣ್ಣ ನಳಿಕೆಗಳು.

ಈ ನಳಿಕೆಗಳ ಬಳಿ ಸ್ವಲ್ಪ ನಿಲ್ಲಿ. ಹನಿ ದಪ್ಪವಾದರೆ ಎಲೆಯಿಂದ ಜಾರಿ ನೆಲಕ್ಕೆ ಬೀಳುತ್ತದೆ. ತೀರ ಸಣ್ಣದಾದರೆ ಗಾಳಿಯಲ್ಲಿ ತೇಲಿ ಪಕ್ಕದ ಹೊಲಕ್ಕೆ ಹೋಗುತ್ತದೆ. ಪಕ್ಕದ ಹೊಲ ಯಾರದು? ಮಂಡ್ಯ ಸೀಮೆಯಲ್ಲಿ ಒಬ್ಬನ ಕಬ್ಬಿನ ಬದು ದಾಟಿದರೆ ಇನ್ನೊಬ್ಬನ ಹಿಪ್ಪುನೇರಳೆ ಇರಬಹುದು, ಮತ್ತೊಬ್ಬನ ಹಸುವಿನ ಮೇವು ಇರಬಹುದು. ಔಷಧಿ ಬಿದ್ದ ಸೊಪ್ಪು ತಿಂದ ರೇಷ್ಮೆಹುಳು ಉಳಿಯದು. ಸಾಲು ಸಾಲಾಗಿ ನೂರಾರು ಎಕರೆ ಒಂದೇ ಬೆಳೆಯಿರುವ ಕಡೆ ಸಲ್ಲುವ ಯಂತ್ರ, ತುಂಡು ಹಿಡುವಳಿಗಳ ನಾಡಿನಲ್ಲಿ ಸಲ್ಲಬೇಕೆಂದಿಲ್ಲ.

ಇದು ಬರಿಯ ಊಹೆಯಲ್ಲ. ಕನ್ನಡಿಗರು ವಾಸಿಸುವ ಕಾಸರಗೋಡಿನ ಎಣ್ಮಕಜೆ ಮೊದಲಾದ ಊರುಗಳ ಸುತ್ತಲಿನ ಸರ್ಕಾರಿ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ತೋಟದ ನಡುವೆ ಮನೆಗಳಿದ್ದವು, ತೊರೆಗಳಿದ್ದವು. ಅಲ್ಲಿನ ಜನರ ನೋವು ದೇಶದ ಕಣ್ಣು ತೆರೆಸಿತು. 2011ರಲ್ಲಿ ಸುಪ್ರೀಂ ಕೋರ್ಟು ಆ ಔಷಧಿಯನ್ನು ನಿಷೇಧಿಸಿತು.

ಇಂದು ಡ್ರೋನ್‌ಗಳು ಸಣ್ಣ ಹೊಲಗಳಿಗೂ ಬರುತ್ತಿವೆ. ನಿಮ್ಮಲ್ಲಿ ಕೆಲವರು ನಾಳೆ ಅವನ್ನು ರೂಪಿಸುವ ಎಂಜಿನಿಯರುಗಳಾಗಬಹುದು. ಯಂತ್ರ ಎಷ್ಟು ಚೆನ್ನಾಗಿ ಹಾರುತ್ತದೆಂದು ಕೇಳಿ. ಅದರೊಡನೆ, ಅದು ಬಿಟ್ಟ ಹನಿ ಎಲ್ಲಿ ಬೀಳುತ್ತದೆಂಬುದನ್ನೂ ಕೇಳಿ. ಬದುವಿನ ಆಚೆಯವನೂ ನಮ್ಮವನೇ.