ಪ್ರಜೆಯ ಹಕ್ಕು: ಒಂದು ವಿಶೇಷಣದ ಕಥೆ

ನಮ್ಮ ಕೆಂಪಾಪುರದ ಬೀದಿಯಲ್ಲಿ ಸೊಪ್ಪು ಮಾರುವಾಕೆಯ ಮಗನನ್ನು ಒಂದು ರಾತ್ರಿ ಪೊಲೀಸರು ಕರೆದೊಯ್ದರೆಂದು ಇಟ್ಟುಕೊಳ್ಳಿ. ಬೆಳಗಾದ ಮೇಲೆ ಆ ತಾಯಿ ಯಾರನ್ನು ಕೇಳಬೇಕು? ಏನೆಂದು ಕೇಳಬೇಕು? ಕೇಳುವ ಹಕ್ಕಾದರೂ ಆಕೆಗೆ ಎಲ್ಲಿಂದ ಬಂತು? ರಾಜ್ಯಾಂಗವೆಂಬುದು ವಕೀಲರ ಬೀರುವಿನಲ್ಲಿರುವ ದಪ್ಪ ಪುಸ್ತಕವೆಂದು ತಿಳಿದವರು ಈ ಪ್ರಶ್ನೆಗಳನ್ನು ಒಮ್ಮೆ ಆಲೋಚಿಸಬೇಕು. ಇವುಗಳ ಉತ್ತರದ ಹಿಂದೆ ಅಮೆರಿಕದ ಒಂದು ಮಾತೂ ಮಂಗಳೂರಿನ ಒಬ್ಬ ವಿದ್ವಾಂಸರ ಪ್ರಯಾಣವೂ ಉಂಟು.

ಮೊದಲು ಆ ಮಾತನ್ನು ನೋಡೋಣ. ಇಂಗ್ಲೆಂಡಿನ ದೊರೆಯ ಆಳ್ವಿಕೆಯನ್ನು ಕಿತ್ತೊಗೆದ ಅಮೆರಿಕದವರು 1787ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಸೇರಿ ತಮ್ಮ ರಾಜ್ಯಾಂಗವನ್ನು ಬರೆದರು. ಒಬ್ಬನ ಕೈಯಲ್ಲಿ ಅಧಿಕಾರವೆಲ್ಲ ಸೇರಿದರೆ ಏನಾಗುತ್ತದೆಂಬುದನ್ನು ಅವರು ಕಂಡುಂಡವರು. ಆದುದರಿಂದ ಶಾಸನ ಮಾಡುವವರು, ಆಡಳಿತ ನಡೆಸುವವರು, ನ್ಯಾಯ ಹೇಳುವವರು ಎಂದು ಅಧಿಕಾರವನ್ನು ಮೂರಾಗಿ ಹಂಚಿ, ಒಬ್ಬರ ಮೇಲೆ ಮತ್ತೊಬ್ಬರ ಕಣ್ಣಿರುವಂತೆ ಮಾಡಿದರು. ಅಷ್ಟಕ್ಕೂ ಜನರಿಗೆ ಸಮಾಧಾನವಾಗಲಿಲ್ಲ. ನಮ್ಮ ಹಕ್ಕುಗಳೆಲ್ಲಿ ಎಂದು ಕೇಳಿದರು. 1791ರಲ್ಲಿ ಹತ್ತು ತಿದ್ದುಪಡಿಗಳು ಸೇರಿದವು. ಅವುಗಳಲ್ಲಿ ಐದನೆಯದರ ಪ್ರಕಾರ, 'ಡ್ಯೂ ಪ್ರಾಸೆಸ್' ಇಲ್ಲದೆ ಯಾರ ಪ್ರಾಣವನ್ನೂ ಸ್ವಾತಂತ್ರ್ಯವನ್ನೂ ಸ್ವತ್ತನ್ನೂ ಕಸಿಯುವಂತಿಲ್ಲ. ಕನ್ನಡದಲ್ಲಿ ಇದನ್ನು 'ಸಮುಚಿತವಾದ ಕ್ರಮ' ಎನ್ನಬಹುದು. ಇಷ್ಟೆಲ್ಲ ಬರೆದ ದೇಶದಲ್ಲಿಯೇ 1865ರವರೆಗೆ ಗುಲಾಮಗಿರಿ ಉಳಿದಿತ್ತೆಂಬುದನ್ನೂ ಮರೆಯಬಾರದು. ಹಕ್ಕನ್ನು ಬರೆದಿಟ್ಟ ಮಾತ್ರಕ್ಕೆ ಅದು ಎಲ್ಲರಿಗೂ ದಕ್ಕುವುದಿಲ್ಲ.

ವ್ಯಾಕರಣ ಬಲ್ಲವರು ಇಲ್ಲಿ 'ಸಮುಚಿತ' ಎಂಬ ವಿಶೇಷಣವನ್ನು ಗಮನಿಸಬೇಕು. ಬರಿಯ 'ಕ್ರಮ' ಎಂದರೆ ಶಾಸನ ಹೇಳಿದ ದಾರಿ; ಆ ದಾರಿಯಲ್ಲಿ ನಡೆದರೆ ಸಾಕು. 'ಸಮುಚಿತ' ಎಂದು ಸೇರಿಸಿದೊಡನೆ, ಆ ದಾರಿಯೇ ನ್ಯಾಯವಾದುದೋ ಅಲ್ಲವೋ ಎಂದು ಕೇಳುವ ಅಧಿಕಾರ ನ್ಯಾಯಾಲಯಕ್ಕೆ ಬರುತ್ತದೆ.

ಈಗ ಮಂಗಳೂರಿನವರ ವಿಷಯ. 1887ರಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು ಕಲ್ಕತ್ತೆಯ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದು, 1946ರಲ್ಲಿ ನಮ್ಮ ರಾಜ್ಯಾಂಗ ಸಭೆಯ ಸಲಹೆಗಾರರಾದರು. ಮೊದಲ ಕರಡನ್ನು ಸಿದ್ಧಪಡಿಸಿ, 1947ರ ಕೊನೆಯ ತಿಂಗಳುಗಳಲ್ಲಿ ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡ್ ದೇಶಗಳಿಗೆ ಹೋಗಿ ಬಲ್ಲವರೊಡನೆ ಚರ್ಚಿಸಿದರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಆ ವಿಶೇಷಣ ಬೇಡವೆಂಬ ಅಭಿಪ್ರಾಯ ಕೊಟ್ಟರು. ಜನಪ್ರತಿನಿಧಿಗಳು ಮಾಡಿದ ಶಾಸನವನ್ನು ಕೆಲವೇ ನ್ಯಾಯಾಧೀಶರು ಹೊಡೆದುಹಾಕುವುದು ಪ್ರಜಾಪ್ರಭುತ್ವಕ್ಕೆ ಸಲ್ಲದು ಎಂಬುದು ಅವರ ವಾದ. ಅದು ಬರಿಯ ಹೆದರಿಕೆಯಲ್ಲ. ಬೇಕರಿಯ ಕೆಲಸಗಾರರನ್ನು ದಿನಕ್ಕೆ 10 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ನ್ಯೂಯಾರ್ಕ್ ರಾಜ್ಯ ಮಾಡಿದ್ದ ಶಾಸನವನ್ನು 1905ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದೇ ಮಾತಿನ ಬಲದಿಂದ ರದ್ದುಮಾಡಿತ್ತು.

ನಮ್ಮಲ್ಲಿ ವಿಶೇಷಣ ಹೋಯಿತು. ಜಪಾನಿನ ರಾಜ್ಯಾಂಗದ ಮಾತನ್ನು ಅನುಸರಿಸಿ, 'ಶಾಸನವು ಗೊತ್ತುಪಡಿಸಿದ ಕ್ರಮ' ಎಂಬ ಮಾತು 21ನೆಯ ವಿಧಿಯಲ್ಲಿ ಬಂತು. ಇದರಿಂದ ಪ್ರಜೆಯ ರಕ್ಷಣೆ ಸಡಿಲವಾಯಿತೆಂದು ಸಭೆಯಲ್ಲಿ ಹಲವರು ಆಕ್ಷೇಪಿಸಿದರು. ಆ ಕೊರತೆಯನ್ನು ತುಂಬಲು ಡಾಕ್ಟರ್ ಅಂಬೇಡ್ಕರರು 1949ರ ಸೆಪ್ಟೆಂಬರಿನಲ್ಲಿ, ಇಂದು 22ನೆಯದಾಗಿರುವ ವಿಧಿಯನ್ನು ಸಭೆಯ ಮುಂದಿಟ್ಟರು.

ಕಳೆದುಕೊಂಡ ಪದದ ಬೆಲೆ ಗೊತ್ತಾದದ್ದು 1975ರಲ್ಲಿ. ಜೂನ್ 25ರಂದು ತುರ್ತುಪರಿಸ್ಥಿತಿ ಘೋಷಣೆಯಾಯಿತು. ಸಂಸತ್ತಿನ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಬಂಧಿಸಿ ಇಲ್ಲಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ಇಂದು ಅದೇ ಜಾಗ ಫ್ರೀಡಂ ಪಾರ್ಕ್. ಬಂಧಿತರ ಅರ್ಜಿಗಳನ್ನು ವಿಚಾರಿಸಬಹುದೆಂದು ದೇಶದ ಹಲವು ಹೈಕೋರ್ಟುಗಳಂತೆ ಕರ್ನಾಟಕದ ಹೈಕೋರ್ಟೂ ಹೇಳಿತು. ಆದರೆ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು, ಆ ಅವಧಿಯಲ್ಲಿ ಪ್ರಜೆಗೆ ನ್ಯಾಯಾಲಯದ ಬಾಗಿಲು ಮುಚ್ಚಿದೆಯೆಂದರು. ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ.

ಮುಚ್ಚಿದ ಬಾಗಿಲು ಮತ್ತೆ ತೆರೆಯಿತು. 1978ರ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ, ಶಾಸನದ ಕ್ರಮ ನ್ಯಾಯವಾಗಿಯೂ ಯುಕ್ತವಾಗಿಯೂ ಇರಲೇಬೇಕೆಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು. ಅಕ್ಷರದಲ್ಲಿ ಬಿಟ್ಟುಹೋದ ವಿಶೇಷಣ ಅರ್ಥದಲ್ಲಿ ಹಿಂದಿರುಗಿತೆನ್ನಬಹುದು. ಅದೇ ವರ್ಷದ 44ನೆಯ ತಿದ್ದುಪಡಿಯ ಪ್ರಕಾರ, ತುರ್ತುಪರಿಸ್ಥಿತಿಯಲ್ಲಿಯೂ 21ನೆಯ ವಿಧಿಯ ರಕ್ಷಣೆಯನ್ನು ಅಮಾನತುಗೊಳಿಸುವಂತಿಲ್ಲ. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಕೊಟ್ಟರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವೂ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. 1976ರ ತೀರ್ಪು ತಪ್ಪೆಂಬುದೂ ಆಗ ಸ್ಪಷ್ಟವಾಗಿ ದಾಖಲಾಯಿತು.

ಇನ್ನು ಸೊಪ್ಪು ಮಾರುವಾಕೆಯ ಪ್ರಶ್ನೆಗೆ ಉತ್ತರ ಹೇಳೋಣ. 22ನೆಯ ವಿಧಿಯಂತೆ, ಬಂಧಿಸಿದ ಕಾರಣವನ್ನು ಆಕೆಯ ಮಗನಿಗೆ ತಿಳಿಸಬೇಕು. ಅವನು ತನಗೆ ಬೇಕಾದ ವಕೀಲರನ್ನು ಕಾಣಬಹುದು. ಪ್ರಯಾಣದ ಕಾಲವನ್ನು ಬಿಟ್ಟು 24 ಗಂಟೆಗಳೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಮುನ್ನೆಚ್ಚರಿಕೆಯ ಬಂಧನಕ್ಕೆ ಮಾತ್ರ ಬೇರೆ ನಿಯಮಗಳುಂಟು. ಎಚ್ಚರ ಹೆಚ್ಚಾಗಿ ಬೇಕಾದುದೂ ಅಲ್ಲಿಯೇ. ವಕೀಲರಿಗೆ ಕೊಡಲು ಹಣವಿಲ್ಲದವರು ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ ನೆರವು ಪಡೆಯಬಹುದು.

ವಾಚಕರೆ, ಇದನ್ನು ನಿಮ್ಮ ಮನೆಯ ಮಕ್ಕಳಿಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿ. ರಾಜ್ಯಾಂಗ ಬರೆದವರು ನಮಗೆ ಪ್ರಶ್ನಿಸುವ ಅಧಿಕಾರವನ್ನು ಕೊಟ್ಟುಹೋಗಿದ್ದಾರೆ. ಪ್ರಶ್ನೆಯನ್ನು ಕೇಳಬೇಕಾದವರು ನಾವೇ.